ಟೀಚರಮ್ಮನ ಶೆಡ್ಡಿನಲ್ಲಿದ್ದ ಕಾರು

ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಯಾವಾಗಲೋ ಚೆಲ್ಲಿ ಇಂಗಿದ ಪೆಟ್ರೋಲು, ಯಾರದೋ ತಲೆಯಿಂದ ಸೀಟಿಗೆ ಇಳಿದ ಕೊಬ್ಬರಿ ಎಣ್ಣೆ, ಇವೆಲ್ಲ ಬೆರೆತ ವಾಸನೆಯೊಂದಿದೆ. ಹೊಸ ಕಾರಿನಲ್ಲಿ ಅದು ಎಷ್ಟು ಹುಡುಕಿದರೂ ಸಿಗದು. ಒಂದು ಸಂಸಾರ ಹತ್ತಿ ಇಳಿದು, ಮಕ್ಕಳು ವಾಂತಿ ಮಾಡಿ, ಮದುವೆಗೆ ಹೋಗಿ, ಆಸ್ಪತ್ರೆಗೆ ಓಡಿ, ಜಗಳವಾಡಿ ರಾಜಿಯಾಗಿ ಕೊನೆಗೆ ಮಾರಿದ ಕಾರಿನಲ್ಲೇ ಅದು ಇರಬೇಕು. ಕಳೆದ ತಿಂಗಳು ಬಂಗಾರಪೇಟೆಯಲ್ಲಿ ಹಳೇ ಕಾರು ಮಾರುವವರ ಬಯಲಿಗೆ ಯಜಮಾನರ ಜೊತೆ ಹೋಗಿದ್ದಾಗ, ಬೂದು ಬಣ್ಣದ ಒಂದು ಪೆಟ್ರೋಲ್ ಕಾರಿನ ಹಿಂದಿನ ಬಾಗಿಲು ತೆಗೆದೆ. ವಾಸನೆ ಮುಖಕ್ಕೆ ಬಡಿಯಿತು. ಯಜಮಾನರು ಟೈರು ಎಷ್ಟು ಸವೆದಿದೆ ಎಂದು ಬಗ್ಗಿ ನೋಡುತ್ತಾ, ಎಷ್ಟು ಜನರ ಕೈ ಬದಲಾಗಿದೆ ಎಂದು ವಿಚಾರಿಸುತ್ತಾ ಇದ್ದರು. ನಾನು ಬೆರಳ ಗೆಣ್ಣಿನಿಂದ ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲವನ್ನೂ ತಟ್ಟಿ ಕಿವಿಗೊಟ್ಟು ಸುತ್ತು ಹಾಕುತ್ತಿದ್ದೆ. "ಏನೇ, ಕಾರು ತಗೋತಿದೀಯೋ, ಹಲಸಿನಹಣ್ಣು ತಗೋತಿದೀಯೋ?" ಎಂದು ಅವರು ನಕ್ಕರು. ಮಾರುವವನೂ ನಕ್ಕ. ನಾನೂ ನಕ್ಕೆ, ಆದರೆ ಕೈ ನಿಲ್ಲಲಿಲ್ಲ. ಕಾರು ಗಟ್ಟಿಯಾಗಿತ್ತು, ಅದನ್ನೇ ಕೊಂಡೆವು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ, ಕಾರು ನನಗೆ ಹಿಡಿಸಲಿಲ್ಲವೇನೋ ಎಂದು ಅವರು ಅಂದುಕೊಂಡರು.

ತಟ್ಟಿ ನೋಡುವ ಈ ಚಾಳಿ ಅಪ್ಪನದು. ಕ್ಯಾಸಂಬಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮ ಮನೆ ಸಿಗುತ್ತಿತ್ತು. ಈಗ ಆ ಜಾಗದಲ್ಲಿ ಯಾರದೋ ಟೊಮೇಟೊ ತೋಟವಿದೆ, ಹೊಸ್ತಿಲ ಕಲ್ಲು ಕೂಡ ಉಳಿದಿಲ್ಲ. ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಗಿಡ್ಡ ಸೂರು, ಪಕ್ಕಕ್ಕೆ ಎರಡು ಸೀಮೆಹಸುವಿನ ಕೊಟ್ಟಿಗೆ. ಒಳಗೆ ಕಾಲಿಟ್ಟರೆ ರಾಗಿ ಹಿಟ್ಟಿನ ಘಮ, ಹಸಿ ಹಾಲಿನ ಘಮ, ಹೊರಗೆ ಎಂಥ ಬೇಸಿಗೆಯಿದ್ದರೂ ಚಪ್ಪಡಿಯಿಂದ ಇಳಿಯುವ ತಂಪು. ಸಾಯಂಕಾಲ ಅಮ್ಮ ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಂಚದ ಮೇಲೆ ನಿಂತು, ಒಂದು ಮೊಳದ ಕಬ್ಬಿಣದ ಸಲಾಕೆಯಿಂದ ಸೂರಿನ ಒಂದೊಂದು ಚಪ್ಪಡಿಯನ್ನೂ ತಟ್ಟಿ, ತಲೆ ಓರೆ ಮಾಡಿ ಕೇಳಿ, ಮುಂದಿನದಕ್ಕೆ ಹೋಗುತ್ತಿದ್ದರು. ಹದಿನಾಲ್ಕು ಚಪ್ಪಡಿ. ಅಷ್ಟೂ ಆದ ಮೇಲೆ ಸಲಾಕೆಯನ್ನು ನೆಲಕ್ಕೆ ಮೂರು ಸಲ ಕುಟ್ಟುತ್ತಿದ್ದರು, ಮುಗಿಯಿತು, ಎಲ್ಲ ಸರಿಯಿದೆ ಎಂದು. ಆಮೇಲೆಯೇ ನಮಗೆ ಊಟ. ಬೇರೆಯವರ ಮನೆಯಲ್ಲಿ ಹೀಗೆ ಮಾಡುವುದಿಲ್ಲ ಎಂದು ನನಗೆ ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ.

ಅದು ಅವರ ಕೆಲಸವೇ ಆಗಿತ್ತು. ಚಿನ್ನದ ಗಣಿಯೊಳಗೆ ಸಿಡಿಮದ್ದು ಹಾರಿಸಿ ಹೊಗೆ ಇಳಿದ ಮೇಲೆ, ಎಲ್ಲರಿಗಿಂತ ಮೊದಲು ಹೋಗಿ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡುವುದು. ಗಟ್ಟಿ ಬಂಡೆ ಗಂಟೆಯ ಹಾಗೆ ಸ್ವರ ಕೊಡುತ್ತದೆ, ಬಿಟ್ಟುಕೊಂಡ ಬಂಡೆ ಡೊಬ್ಬ್ ಅನ್ನುತ್ತದೆ. ಅಪ್ಪ ಸರಿ ಅಂದರೆ ಜನ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಇಪ್ಪತ್ತು ವರ್ಷ ಅವರ ಮಾತು ಸುಳ್ಳಾಗಲಿಲ್ಲ, ಒಂದು ದಿನ ಆಯಿತು. ಅವರು ಸರಿ ಅಂದ ಬಂಡೆಯೇ ಇಳಿದು, ಜೊತೆಗಾರ ಮುನಿಸಾಮಿ ಅದರ ಆಚೆ ಸಿಕ್ಕಿಕೊಂಡರು. ಎರಡು ದಿನ ಆ ಕಡೆಯಿಂದ ಮೂರು ಮೂರು ಸಲ ತಟ್ಟುವ ಸದ್ದು ಬರುತ್ತಿತ್ತಂತೆ, ಈ ಕಡೆಯಿಂದ ಅಪ್ಪ ಮೂರು ಸಲ ತಟ್ಟುತ್ತಿದ್ದರಂತೆ. ಮೂರನೆಯ ದಿನ ಅಪ್ಪ ಒಬ್ಬರೇ ತಟ್ಟಿದರು. ಇದೆಲ್ಲ ಅಮ್ಮ ಪಕ್ಕದ ಮನೆಯವರಿಗೆ ಹೇಳುವಾಗ ನಾನು ಕೇಳಿಸಿಕೊಂಡದ್ದು. ಅಪ್ಪ ನನಗೆ ಹೇಳಿದ್ದು ಒಂದೇ ಮಾತು, ಅದೂ ಹಾಲು ಕರೆಯುತ್ತಾ, ಹಸುವಿನ ಹೊಟ್ಟೆಗೆ ಹಣೆಯಾನಿಸಿಕೊಂಡು: "ಕೆಳಗಡೆ ಯಾರಾನ ತಟ್ಟಿದ್ರೆ ಜವಾಬು ತಟ್ಬೇಕು ಕಣಮ್ಮಾ. ಸುಮ್ಕಿರಬಾರ್ದು. ಸುಮ್ಕಿದ್ರೆ ಅವ್ರು ತಾವು ಸತ್ತೋದ್ವೇನೋ ಅಂದ್ಕೊಂತಾರೆ."

ಅದಾದ ಸ್ವಲ್ಪ ಕಾಲಕ್ಕೆ ಗಣಿಯೇ ಮುಚ್ಚಿತು. ಮೊದಲೆಲ್ಲ ಕೆಳಗೆ ಬಂಡೆ ಸಿಡಿದ ದಿನ ಅಷ್ಟು ದೂರದ ನಮ್ಮ ಮನೆಯಲ್ಲೂ ತಟ್ಟೆ ಲೋಟ ಝಣ್ ಅನ್ನುತ್ತಿದ್ದವು, ಅಮ್ಮ ಮಾತು ನಿಲ್ಲಿಸದೆಯೇ ಒಂದು ಕೈಯಿಂದ ಹಾಲಿನ ಪಾತ್ರೆ ಹಿಡಿದುಕೊಳ್ಳುತ್ತಿದ್ದಳು. ಗಣಿ ಮುಚ್ಚಿದ ಮೇಲೆ ಪಾತ್ರೆಗಳು ಬಾಯಿ ಮುಚ್ಚಿಕೊಂಡವು. ಅಪ್ಪನೂ ಹಾಗೇ ಆದರು. ಹಿಂದೆ ಊರಿನವರು ಮಡಕೆ ಕೊಳ್ಳುವಾಗ, ಬಾವಿ ಕಟ್ಟೆ ಬಿರುಕು ಬಿಟ್ಟಾಗ ಅಪ್ಪನನ್ನು ಕರೆಯುತ್ತಿದ್ದರು. ಈಗ ಕರೆದರೂ "ನನ್ ಕಿವೀನ ನಂಬ್ಬೇಡ್ರಪ್ಪಾ" ಎಂದು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಸಲಾಕೆ ಸೂರಿನ ಸಂದಿಗೆ ಸೇರಿತು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಚಪ್ಪಡಿಯನ್ನು ಯಾರೂ ತಟ್ಟದೆ ಮಲಗುವುದಕ್ಕೆ ನನಗೆ ಹೆದರಿಕೆಯಾಗುತ್ತಿತ್ತು. ನಾನು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಾ ಮಲಗಿರುತ್ತಿದ್ದೆ.

ಅಂಥ ದಿನಗಳಲ್ಲಿ ಚಿಕ್ಕಪ್ಪನಿಗೆ ಕಾರಿನ ಹುಚ್ಚು ಹತ್ತಿತು. ಚಿಕ್ಕಪ್ಪ ಹಾಲಿನ ವ್ಯಾನು ಓಡಿಸುತ್ತಿದ್ದವರು. ಮನೆಮಂದಿಯೆಲ್ಲ ಒಟ್ಟಿಗೆ ಕೂರುವಂಥ ಒಂದು ಹಳೇ ಗಾಡಿ ತರುವುದೆಂದು ಅವರು ಹೊರಟಾಗ, ಅಮ್ಮ ಅವರನ್ನು ಅಡುಗೆಮನೆಗೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು. "ನಿಮ್ಮಣ್ಣನ್ನ ಕರ್ಕೊಂಡೋಗಪ್ಪಾ. ಅವ್ರು ತಟ್ಟಿ ಊಂ ಅಂದಿದ್ದೇ ತಗೊ. ಅವ್ರ ಕಿವಿ ಮೇಲೆ ಅವ್ರಿಗೆ ತಿರುಗಾ ನಂಬಿಕೆ ಬರ್ಲಿ. ಇಲ್ಲಾಂದ್ರೆ ನಾವು ಅವ್ರನ್ನ ಕಳ್ಕೊಂತೀವಿ." ಚಿಕ್ಕಪ್ಪ ತಲೆಯಾಡಿಸಿದರು. ಅವರಿಗೆ ಡೀಸೆಲ್ ಗಾಡಿ ಬೇಕಿತ್ತು. ಅಪ್ಪ ಮಾತ್ರ ಬಹಳ ದಿನಗಳ ಮೇಲೆ ಬಾಯಿ ಬಿಟ್ಟು, "ಪೆಟ್ರೋಲ್ದೇ ನೋಡ್ಲಾ. ಡೀಸೆಲ್ಲು ಗಡಗಡ ಅಂತೈತೆ, ಆ ಸದ್ದಾಗೆ ಬೇರೇನೂ ಕೇಳಿಸಲ್ಲ" ಅಂದರು. ಅಪ್ಪ ಒಂದು ಅಭಿಪ್ರಾಯ ಹೇಳಿದರೆಂಬ ಖುಷಿಗೆ ಅಮ್ಮ ಆವತ್ತು ಪಾಯಸ ಮಾಡಿದಳು.

ಭಾನುವಾರ ಭಾನುವಾರ ನಾವು ಮೂವರೂ ಹೊರಡುತ್ತಿದ್ದೆವು. ನನಗೆ ಆಗ ಹತ್ತು ವರ್ಷ, ನಾನಿಲ್ಲದೆ ಅವರು ಹೋಗುವಂತಿರಲಿಲ್ಲ, ಹೋದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದೆ. ಮೊದಲನೆಯದು ಬಂಗಾರಪೇಟೆಯಲ್ಲಿ, ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಅಪ್ಪ ಸಲಾಕೆ ಮುಟ್ಟಿಸಿದರೆ ಎಡಗಡೆ ಬಾಗಿಲು ಡೊಬ್ಬ್ ಅಂದಿತು. ಚಿಕ್ಕಪ್ಪ ಉಗುರಿನಿಂದ ಕೆರೆದು ನೋಡಿದರೆ ಬಣ್ಣದ ಕೆಳಗೆ ಬರೀ ಪುಟ್ಟಿ, ಯಾವುದಕ್ಕೋ ಗುದ್ದಿಸಿ ಮೆತ್ತಿದ್ದು. ಎರಡನೆಯದು ಕಾಮಸಮುದ್ರದಲ್ಲಿ. ಮೇಲೆಲ್ಲ ಚೆನ್ನಾಗಿತ್ತು, ಅಪ್ಪ ಕೆಳಗೆ ತೂರಿಕೊಂಡು ತಟ್ಟಿ, ಅಡಿಯಲ್ಲಿ ತುಕ್ಕು ತಿಂದ ಜಾಗವನ್ನು ಕಣ್ಣು ಮುಚ್ಚಿಕೊಂಡೇ ತೋರಿಸಿದರು. ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಸಿಕ್ಕಸಿಕ್ಕವರಿಗೆಲ್ಲ "ನಮ್ಮಣ್ಣನ ಕಿವಿ ಅಂದ್ರೆ ಏನಂದ್ಕೊಂಡ್ರಿ!" ಎಂದು ಕೊಚ್ಚಿಕೊಂಡರು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಆದರೆ ಕೆನ್ನೆ ನಗುತ್ತಿತ್ತು. ಆ ವಾರ ಅವರು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು, ಸಾಯಂಕಾಲ ಮಂಚ ಹತ್ತಿ ಸೂರು ತಟ್ಟಿದರು. ಅಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಕೇಳಿದ್ದಕ್ಕೆ ಹೊಗೆ ಅಂದಳು.

ಮೂರನೆಯದು ಉರಿಗಾಂನಲ್ಲಿ. ಗಣಿ ಕೆಲಸಗಾರರ ಮನೆಗಳ ಸಾಲು ಮುಗಿಯುವ ಕಡೆ, ಜನರನ್ನು ಗಣಿಯೊಳಕ್ಕೆ ಇಳಿಸುತ್ತಿದ್ದ, ಈಗ ನಿಂತುಹೋದ ರಾಟೆಯ ಕಬ್ಬಿಣದ ಗೋಪುರ ಕಾಣುವ ಹಾಗೆ, ಟೀಚರಮ್ಮನ ಮನೆ. ಗಣಿ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ, ತಮಿಳು ಮನೆಮಾತಿನ ಮುದುಕಿ. ಗಂಡ ತೀರಿಕೊಂಡ ಮೇಲೆ ಅವರ ಕಾರು ತಗಡಿನ ಶೆಡ್ಡಿನಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿತ್ತು. "ವಾಂಗಪ್ಪಾ, ವಾಂಗ. ಪಾಪಾ, ಬನ್ನು ತಿಂತೀಯಾ?" ಎಂದು ಒಳಗೆ ಕರೆದರು. ನೆತ್ತಿ ಸುಡುವ ಮಧ್ಯಾಹ್ನ, ಗುಡ್ಡೆ ಬಿದ್ದ ಗಣಿ ಮಣ್ಣಿನ ಬೂದು ಪುಡಿ ಎಲ್ಲದರ ಮೇಲೂ ಕೂತಿತ್ತು. ಶೆಡ್ಡಿನೊಳಗೆ ಕಾಲಿಟ್ಟರೆ ಮಾತ್ರ ನಮ್ಮ ಮನೆಯ ಚಪ್ಪಡಿಯ ಕೆಳಗಿನದೇ ತಂಪು. ತಗಡಿನ ಕೆಳಗೆ ಅಷ್ಟು ತಂಪು ಹೇಗೆ ಬಂತೆಂದು ನನಗೆ ತಿಳಿಯಲಿಲ್ಲ. "ಈ ನೆಲ ಯಾಕೋ ಯಾವಾಗ್ಲೂ ಜಿಲ್ಲುನ್ನು ಇರ್ತದಪ್ಪಾ" ಎಂದು ಟೀಚರಮ್ಮ ತಾವಾಗಿಯೇ ಹೇಳಿದರು. ಬಟ್ಟೆ ಎಳೆದಾಗ ಕೆನೆ ಬಣ್ಣದ ದುಂಡನೆ ಕಾರು, ಗಾಜಿಗೆ ಅಂಟಿಸಿದ, ಚರ್ಚಿನಲ್ಲಿರುವಂಥ ಮಾತೆಯ ಚಿತ್ರ. ಆ ಕ್ಷಣವೇ ಅದು ನನ್ನದು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಸೋಮವಾರ ಶಾಲೆಯಲ್ಲಿ ಯಾರ್ಯಾರಿಗೆ ಹೇಗೆ ಹೇಳಬೇಕು ಎಂಬುದೂ ತೀರ್ಮಾನವಾಯಿತು.

ಅಪ್ಪ ನಿಧಾನವಾಗಿ ಸುತ್ತು ಬಂದರು. ಬಾನೆಟ್ಟು, ನಾಲ್ಕು ಬಾಗಿಲು, ಮೇಲಿನ ತಗಡು, ಡಿಕ್ಕಿ. ಎಲ್ಲವೂ ಗಂಟೆಯ ಹಾಗೆ ನುಡಿದವು. ಚಿಕ್ಕಪ್ಪ ನನ್ನ ಕಡೆ ಕಣ್ಣು ಹೊಡೆದರು. ಅಪ್ಪ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಹೋದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಕೈಯೂರಿ ಬಗ್ಗಿ ನೋಡುತ್ತಿದ್ದೆ. ಅಡಿಯೆಲ್ಲ ತಟ್ಟಿ ಮುಗಿಸಿ, ಮನೆಯಲ್ಲಿ ಮಾಡುವ ಹಾಗೆಯೇ ಸಲಾಕೆಯನ್ನು ನೆಲಕ್ಕೆ ಮೂರು ಸಲ ಕುಟ್ಟಿದರು. ಸರಿಯಿದೆ ಎಂದು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಕೆಳಗಿನಿಂದ ಮೂರು ಸಲ ಬಂತು. ಕೇಳಿಸಿತು ಅನ್ನುವುದಕ್ಕಿಂತ ಅಂಗೈಗೆ ಮುಟ್ಟಿತು ಅನ್ನಬೇಕು. ಬಹಳ ಆಳದಿಂದ, ಅವಸರವಿಲ್ಲದೆ, ಒಂದೊಂದರ ನಡುವೆ ಅಪ್ಪ ಬಿಟ್ಟಷ್ಟೇ ಬಿಡುವು ಬಿಟ್ಟು. ಕಾರಿನ ಕೆಳಗಿನ ಅರೆಗತ್ತಲಲ್ಲಿ ಅಪ್ಪನ ಮುಖ ನನ್ನ ಕಡೆ ತಿರುಗಿತ್ತು, ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಹೊರಗೆ ಬಂದು ಮೈಯಿನ ಧೂಳು ಕೂಡ ಕೊಡವದೆ, "ಈ ಗಾಡಿ ಬ್ಯಾಡ, ಓಗನ" ಅಂದರು. ಚಿಕ್ಕಪ್ಪ ಪೆಚ್ಚಾದರು. "ಯಾಕಣ್ಣಾ, ಎಲ್ಲಾನ ತುಕ್ಕು ಇಡ್ದೈತಾ?" "ಗಾಡಿ ಗಟ್ಟಿಗೈತೆ. ಕೆಳಗಡೆಯಿಂದ ಯಾರೋ ತಟ್ಟಿದ್ರು." ಟೀಚರಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಚಿಕ್ಕಪ್ಪನಿಗೆ ನಗು ಬಂತೋ ಭಯವಾಯಿತೋ, ಎರಡೂ ಸೇರಿದ ಒಂದು ಸದ್ದು ಮಾಡಿ, "ಮೈನ್ಸ್ ಮುಚ್ಚಿ ವರ್ಷ ಆಯ್ತಲ್ಲಣ್ಣಾ. ಕೆಳಗಡೆ ನೀರು ಬಿಟ್ರೆ ಇನ್ನೇನೈತೆ?" ಅಂದರು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀನು ಕೇಳಿಸ್ಕೊಂಡೆ ಅಲ್ಲೇನಮ್ಮಾ? ಚಿಕ್ಕಪ್ಪನಿಗೆ ಯೋಳು."

ಮೂವರೂ ನನ್ನನ್ನೇ ನೋಡುತ್ತಿದ್ದರು. ನನಗೆ ಆ ಕಾರು ಬೇಕಾಗಿತ್ತು. ಬೇರೆಯವರ ಮನೆಯಲ್ಲಿ ಬೆವರುತ್ತಾ, ಮೈಯೆಲ್ಲ ಧೂಳಾಗಿ ನಿಂತಿದ್ದ ಅಪ್ಪನನ್ನು ನೋಡಿ ನಾಚಿಕೆಯೂ ಆಗುತ್ತಿತ್ತು. ಇಷ್ಟು ವರ್ಷವಾದ ಮೇಲೆ ಇದಕ್ಕೆ ಬಣ್ಣ ಹಚ್ಚಿ ಏನು ಪ್ರಯೋಜನ, ಇದ್ದದ್ದು ಅಷ್ಟೇ. "ಇಲ್ಲಪ್ಪಾ, ನಂಗೇನೂ ಕೇಳಿಸ್ಲಿಲ್ಲ" ಅಂದೆ. ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ನಿಧಾನವಾಗಿ ಕೈ ತೆಗೆದು, "ಅಂಗಾರೆ ನನ್ ಕಿವಿ ಓಗೈತೆ. ತಗೊಳ್ಲಾ, ಗಾಡಿ ಚೆಂದಾಗೈತೆ" ಎಂದು ಚಿಕ್ಕಪ್ಪನಿಗೆ ಹೇಳಿ ಹೊರಗೆ ಬಿಸಿಲಿಗೆ ಹೋಗಿ ನಿಂತರು.

ಕಾರು ಮನೆಗೆ ಬಂತು. ಅಮ್ಮ ನಿಂಬೆಹಣ್ಣು ಇಟ್ಟು ಆರತಿ ಎತ್ತಿದಳು, ಅಪ್ಪನ ಮುಖ ನೋಡಿ ಆರತಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಆ ಕಾರು ಹನ್ನೊಂದು ವರ್ಷ ಒಂದು ದಿನವೂ ಕೈಕೊಡದೆ ಓಡಿತು. ನನ್ನ ಹೈಸ್ಕೂಲು, ಚಿಕ್ಕಪ್ಪನ ಮದುವೆ, ಎಲ್ಲದಕ್ಕೂ ಅದೇ. ಅಪ್ಪ ಮಾತ್ರ ಅದರಲ್ಲಿ ಕೂರಲಿಲ್ಲ. ಸಲಾಕೆಯನ್ನು ಕೊಟ್ಟಿಗೆಯಲ್ಲಿ ನೆಟ್ಟು ಕರು ಕಟ್ಟುವ ಗೂಟ ಮಾಡಿದರು. ವಾರಕ್ಕೊಂದು ಸಲ ಬೆಳಗಿನ ಬಸ್ಸಿಗೆ ಎಲ್ಲಿಗೋ ಹೋಗಿ ಮಧ್ಯಾಹ್ನ ಬರುತ್ತಿದ್ದರು, ಗಣಿಯ ಹಳೇ ಕಾಗದಪತ್ರದ ಕೆಲಸ ಎಂದು ನಾವು ತಿಳಿದಿದ್ದೆವು. 

ಒಂದು ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ ಟೀಚರಮ್ಮ ಅಮ್ಮನ ಕೈ ಹಿಡಿದುಕೊಂಡು ನಿಜ ಹೇಳಿದರು. ಅಪ್ಪ ಅವರ ಖಾಲಿ ಶೆಡ್ಡಿಗೆ ಬರುತ್ತಾರೆ, ನೆಲದ ಮೇಲೆ ಕೂತು ಒಂದು ಕಲ್ಲಿನಿಂದ ಮೂರು ಸಲ ತಟ್ಟುತ್ತಾರೆ, ಸುಮ್ಮನಿರುತ್ತಾರೆ, ಮತ್ತೆ ತಟ್ಟುತ್ತಾರೆ, ಟೀ ಕುಡಿದು ಹೋಗುತ್ತಾರೆ. "ತೊಂದರೆ ಏನಿಲ್ಲಮ್ಮಾ, ಪಾವಂ ಮನುಷ್ಯ" ಅಂದರು. ಆಮೇಲೆ ಅದು ಊರಿಗೂ ಗೊತ್ತಾಯಿತು. ಅಪ್ಪ ಬೀದಿಯಲ್ಲಿ ಹೋದರೆ ಯಾರಾದರೂ ಬಾಗಿಲನ್ನೋ ಕೊಡವನ್ನೋ ಮೂರು ಸಲ ಬಡಿದು ನಗುತ್ತಿದ್ದರು. ಅಮ್ಮ ಅವರನ್ನು ದರ್ಗಾಕ್ಕೆ ಕರೆದುಕೊಂಡು ಹೋದಳು, ತಾಯತ ಕಟ್ಟಿಸಿದಳು, ಎಷ್ಟೋ ಸಲ "ನಿನ್ ಹುಚ್ಚು ಬಿಡು" ಎಂದು ಎಲ್ಲರೆದುರು ಗದರಿದಳು. ಬರಬರುತ್ತಾ ಅವರ ಜೊತೆ ಮಾತು ಕಡಿಮೆ ಮಾಡಿದಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಒಂದು ಮಾತು ಆಡಿದ್ದರೆ ಸಾಕಾಗಿತ್ತು.

ಗಣಿಯ ಧೂಳು ಎದೆಯಲ್ಲಿ ಕೂತು ಅಪ್ಪ ಆಸ್ಪತ್ರೆ ಸೇರಿದಾಗ ಕೊನೆಗೂ ಬಾಯಿ ಬಿಟ್ಟೆ. ಅಮ್ಮ ಕಾಫಿ ತರಲು ಹೋಗಿದ್ದಳು, ಕಿಟಕಿಯಿಂದ ಬೆಳಗಿನ ಬಿಸಿಲು ಅವರ ಕಾಲಿನ ಮೇಲೆ ಬಿದ್ದಿತ್ತು. "ಅಪ್ಪಾ, ಆವತ್ತು ನಂಗೂ ಕೇಳಿಸ್ತು" ಅಂದೆ. ಅವರು ಕಣ್ಣು ಬಿಟ್ಟರು. "ಗೊತ್ತು ಕಣಮ್ಮಾ. ನಿನ್ ಮಕ ನೋಡ್ದೆನಲ್ಲ." "ಮತ್ಯಾಕಪ್ಪಾ ಕಿವಿ ಓಗೈತೆ ಅಂದೆ? ಇಷ್ಟು ವರ್ಷ ಎಲ್ಲಾರ ಕೈಲೂ ಯಾಕೆ ಅನ್ನಿಸ್ಕೊಂಡೆ?" ಉಸಿರು ಎಳೆದುಕೊಳ್ಳುತ್ತಾ, ಒಂದೊಂದೇ ಮಾತು ಕೂಡಿಸಿ ಹೇಳಿದರು. "ಕೇಳಿಸ್ತು ಅಂತ ಒಂದ್ಸಲ ಒಪ್ಕೊಂಡ್ರೆ, ಆಮ್ಯಾಕೆ ಜೀವ ಇರೋ ಗಂಟ ಜವಾಬು ತಟ್ತಾನೇ ಇರ್ಬೇಕು. ಅದು ನಂಗೊಬ್ಬನಿಗೆ ಸಾಕು. ನೀನು ಇಲ್ಲ ಅಂದಿದ್ದೇ ಒಳ್ಳೇದಾಯ್ತು." ನಾನು ಅಳುತ್ತಾ, ನೀನು ತಟ್ಟಿದರೆ ಕೆಳಗಿನಿಂದ ಮತ್ತೆ ಬರುತ್ತಿತ್ತೇ ಎಂದು ಕೇಳಿದೆ. "ಅದೆಲ್ಲಾ ನಿಂಗ್ಯಾಕೆ. ತಿಂಡಿ ತಿಂದಾ?" ಎಂದು ಕೇಳಿದರು. "ಯಾರ್ಗೂ ಯೋಳ್ಬೇಡ" ಎಂದೂ ಹೇಳಿದರು. ಅದಾದ ಐದನೆಯ ದಿನ ಹೋದರು.

ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ. ಸಮಾಧಿಯ ಹಸಿ ಮಣ್ಣಿನ ಸುತ್ತ ಊರೆಲ್ಲ ನೆರೆದಿತ್ತು, ಹತ್ತಿರದವರು ಒಬ್ಬೊಬ್ಬರಾಗಿ ಬಗ್ಗಿ ಹಾಲು ಬಿಟ್ಟು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕೊನೆಗೆ ಚೊಂಬು ನನ್ನ ಕೈಗೆ ಬಂತು. ಹಿಂದೆ ನಿಂತಿದ್ದ ಚಿಕ್ಕಪ್ಪ ಯಾರಿಗೋ ಅಳು ದನಿಯಲ್ಲಿ ಹೇಳುತ್ತಿದ್ದರು: "ಆ ಕಾರು ತಗೊಂಡ ದಿವ್ಸ ನಮ್ಮಣ್ಣನ ತಲೆ ಕೆಡ್ತು ನೋಡಪ್ಪಾ. ಇಲ್ದಿರೋ ಸದ್ದು ಕೇಳೋಕೆ ಸುರುವಾಯ್ತು. ಎಂಥಾ ಕಿವಿ ಇತ್ತು, ಇಂಗಾಗೋಯ್ತು." ಅಪ್ಪ ಬೇಡ ಅಂದಿದ್ದು ನೆನಪಿತ್ತು. ಆದರೂ ಆ ಮಾತನ್ನು ಅವರ ತಲೆಯ ಮೇಲೆ ಹೊರಿಸಿ ಎದ್ದು ಹೋಗಲು ನನ್ನಿಂದಾಗಲಿಲ್ಲ. "ಇಲ್ದಿರೋ ಸದ್ದಲ್ಲ ಚಿಕ್ಕಪ್ಪಾ. ಟೀಚರಮ್ಮನ ಶೆಡ್ಡಲ್ಲಿ ನಂಗೂ ಕೇಳಿಸ್ತು. ಕಾರಿನ ಆಸೆಗೆ ನಾನು ಸುಳ್ಳು ಹೇಳ್ದೆ" ಅಂದೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. "ನಾನೂ ಅವ್ರನ್ನ ಹುಚ್ಚ ಅಂದ್ನಲ್ಲೇ" ಅಂದಳು, ಅಷ್ಟೇ. ಎದ್ದು ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಮಂಡಿಯೂರಿ ಕೂತು, ಉಳಿದ ಹಾಲನ್ನೆಲ್ಲ ಒಂದು ಹನಿಯೂ ಬಿಡದೆ ತಾನೇ ಮಣ್ಣಿಗೆ ಬಿಟ್ಟಳು. ಆಮೇಲೆ ಖಾಲಿ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು. ಅವಳಿಗೆ ನನ್ನ ಮೇಲೆ ಕೋಪ ಬಹಳ ದಿನ ಉಳಿಯಲಿಲ್ಲ, ನನ್ನ ಮಗಳನ್ನು ಎತ್ತಿ ಆಡಿಸಿಯೇ ಹೋದಳು. ಆ ಮನೆಯೂ ಆಮೇಲೆ ಹೋಯಿತು. ಆದರೆ ಅಪ್ಪನಿಗೆ ನಾನು ಹಾಲು ಬಿಟ್ಟಿಲ್ಲ.